ಬಲದಿಂದ ಓದಿದ ಪುಸ್ತಕ

ಆ ಪುಸ್ತಕ ಇದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೈದರಾಬಾದಿನ ಫುಟ್‌ಪಾತಿನಲ್ಲಿ ಹುಡುಕಿದ್ದೇನೆ, ಸೊಲ್ಲಾಪುರದ ರದ್ದಿ ಗಲ್ಲಿಗಳಲ್ಲಿ ಹುಡುಕಿದ್ದೇನೆ, ಬೀದರಿನಲ್ಲಿ ಬೀಳಲು ನಿಂತ ಒಂದು ಮನೆಯ ಅಟ್ಟ ಹತ್ತಿ ಕಾಲು ಮುರಿದುಕೊಂಡಿದ್ದೇನೆ. ಉರ್ದುವಿನಲ್ಲಿ ಅಚ್ಚಾದ ಚಿತ್ರಕಥೆ. ಚಿತ್ರಗಳು ಬಲದಿಂದ ಎಡಕ್ಕೆ ಸಾಗಬೇಕು. ನೀರಿನೊಳಗಿಂದ ಒಬ್ಬ ಮನುಷ್ಯ ಎದ್ದು ಬಂದು, ಕೊನೆಯ ಪುಟದಲ್ಲಿ ತಾಯಿಯ ಮನೆಯ ಬಾಗಿಲು ಮುಟ್ಟಬೇಕು. ಅಷ್ಟೇ ಗುರುತು. ಹೆಸರು ಗೊತ್ತಿಲ್ಲ, ಅಚ್ಚು ಹಾಕಿದವರು ಗೊತ್ತಿಲ್ಲ.

ಹಳೆಯ ಚಿತ್ರಪುಸ್ತಕ ಕೂಡಿಸುವ ಹುಡುಗರು ಈಗ ಒಬ್ಬೊಬ್ಬರೇ ನನ್ನ ಹತ್ತಿರ ಬರುತ್ತಾರೆ. “ಅಜ್ಜಾರ, ನಿಮ್ಮಷ್ಟು ಹುಚ್ಚು ನಮಗೂ ಹತ್ತ್ಯಾದ ನೋಡ್ರಿ” ಎಂದು ನಗುತ್ತಾರೆ. ಅವರ ನಗು ಕಂಡರೆ ನನಗೆ ಮೈ ಉರಿಯುತ್ತದೆ. ಅವರದು ಹುಚ್ಚಿರಬಹುದು. ನಾನು ಒಂದು ಸುಳ್ಳು ಹೇಳಿದ್ದೆ, ಆ ಸುಳ್ಳು ನಿಜವಾಗಲಿ ಎಂದು ಹುಡುಕುತ್ತಾ ಬಂದೆ. ಅದನ್ನು ಅವರಿಗೆ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ.

ದಿಲ್ಲಿಯ ಫೌಜು ಬಂದು ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ನನಗೆ ಹದಿನೇಳು. ಕಮಲಾಪುರದಿಂದ ಕಲಬುರ್ಗಿಗೆ ಬಂದು ಗಾಜಿನ ಸಾಮಾನಿನ ಒಂದು ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದೆ. ಅಪ್ಪ ಊರಲ್ಲೇ ಬೇರೆಯವರ ಬಾಳೆ ತೋಟ ನೋಡಿಕೊಂಡಿದ್ದ. ಅಂಗಡಿಗೆ ಮುಂಬಯಿಯಿಂದ ರೈಲಿನಲ್ಲಿ ಕಟ್ಟಿಗೆಯ ಪೆಟ್ಟಿಗೆಗಳು ಬರುತ್ತಿದ್ದವು. ಚಹಾದ ಕಪ್ಪು ಬಸಿ, ಕಂದೀಲಿನ ಗಾಜು, ಉಪ್ಪಿನಕಾಯಿ ಭರಣಿ. ಒಂದೊಂದನ್ನೂ ಹುಲ್ಲಿನಿಂದ ಬಿಡಿಸಿ, ಸುತ್ತಿದ ಕಾಗದ ತೆಗೆದು, ಉಗುರಿನಿಂದ ತಟ್ಟಿ ನೋಡುವುದು ನನ್ನ ಕೆಲಸ. ಸೀಳು ಬಿದ್ದ ಕಪ್ಪು ಮಂಕಾಗಿ ಸದ್ದು ಮಾಡುತ್ತದೆ. ಗಟ್ಟಿ ಕಪ್ಪು ಸಣ್ಣ ಗಂಟೆಯಂತೆ ಮೊಳಗುತ್ತದೆ. ಸುತ್ತಿದ ಕಾಗದವೆಲ್ಲ ಮುಂಬಯಿಯ ರದ್ದಿ. ಅದರಲ್ಲಿ ಬಣ್ಣದ ಹಾಳೆಗಳೂ ಇರುತ್ತಿದ್ದವು. ಚೌಕ ಚೌಕದ ಮನೆಗಳೊಳಗೆ ಗೋರೆ ಜನರ, ಬಿಳಿಯರ ಚಿತ್ರ, ಅವರ ಬಾಯಿಂದ ಹೊರಟ ಬಿಳಿ ಗುಳ್ಳೆಯಲ್ಲಿ ಇಂಗ್ಲಿಷು. ಗೋರೆ ಸಿಪಾಯಿಗಳು ಓದಿ ಬಿಟ್ಟುಹೋದದ್ದು ಎಂದು ಮಾಲಕರು ಹೇಳುತ್ತಿದ್ದರು.

ಅಂಥ ಮೊದಲ ಹಾಳೆಯನ್ನು ನಾನು ಊರಿಗೆ ಒಯ್ದದ್ದು ಒಂದು ಭರಣಿಯ ಮುಚ್ಚಳ ಸುತ್ತಿಕೊಂಡು. ನನ್ನ ತಂಗಿ ಮುಚ್ಚಳವನ್ನು ಅವ್ವನ ಕೈಗೆ ಕೊಟ್ಟು ಕಾಗದವನ್ನು ತಾನು ಇಟ್ಟುಕೊಂಡಳು. ಅವಳಿಗೆ ಎಂಟು ವರ್ಷ.

“ಅಣ್ಣಾ, ಇಂಥವು ಇನ್ನೂ ಅವೇನು?”

“ರಗಡ ಅವ. ಒಲಿಗಿ ಹಾಕ್ತಾರ.”

“ಒಲಿಗಿ?” ಎಂದು ಅವಳು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಒಲೆಗೆ ಹಾಕುವವನು ನಾನೇ ಎಂಬಂತೆ. “ಇನ್ನ ಮ್ಯಾಲ ಒಂದು ಹಾಕಿದ್ರೂ ನಿನ್ನ ಜೋಡಿ ಮಾತಾಡಂಗಿಲ್ಲ ನೋಡು.”

ಆಮೇಲೆ ತಿಂಗಳಿಗೊಮ್ಮೆ ಊರಿಗೆ ಹೋಗುವಾಗಲೆಲ್ಲ ಒಂದು ಸುರುಳಿ ಒಯ್ಯುತ್ತಿದ್ದೆ. ಅವಳು ಮುದುಡಿದ ಹಾಳೆಯ ಮೇಲೆ ಬಟ್ಟೆ ಹಾಸಿ, ಬಿಸಿನೀರು ತುಂಬಿದ ತಂಬಿಗೆಯನ್ನು ಉರುಳಿಸಿ ಸುಕ್ಕು ತೆಗೆಯುತ್ತಿದ್ದಳು. ಹರಿದ ಅಂಚಿಗೆ ಹರಿದ ಅಂಚು ಹೊಂದಿಸಿ, ಪುಸ್ತಕ ಹೊಲಿದ ತಂತಿಮೊಳೆಯ ತೂತಿಗೆ ತೂತು ಕೂಡಿಸಿ, ಯಾವ ಹಾಳೆ ಯಾವುದರ ಜೊತೆಯದು ಎಂದು ಪತ್ತೆ ಹಚ್ಚುತ್ತಿದ್ದಳು. ಟೋಪಿಯವನ ಹಾಳೆಗಳು ಒಂದು ಕಡೆ, ಕುದುರೆಯ ಹಾಳೆಗಳು ಒಂದು ಕಡೆ. ಈಗಷ್ಟೇ ಒಡೆದ ಪೆಟ್ಟಿಗೆಯಲ್ಲಿ ಸಿಕ್ಕ ಹಾಳೆಗೂ, ಆರು ತಿಂಗಳ ಹಿಂದೆ ಸಿಕ್ಕಿದ್ದಕ್ಕೂ ಇರುವ ಸಂಬಂಧ ಅವಳಿಗೆ ಕಣ್ಣಿಗೆ ಬಿದ್ದ ಕೂಡಲೇ ತಿಳಿಯುತ್ತಿತ್ತು. ಇವತ್ತು ಗಾಜಿನ ಕಪಾಟು ಮಾಡಿಸಿ ಪುಸ್ತಕ ಇಡುವವರಲ್ಲಿ ಅಂಥ ಕಣ್ಣು ನಾನು ಕಂಡಿಲ್ಲ.

ನನ್ನ ಪಾಲಿನ ಕೆಲಸ ಓದಿ ಹೇಳುವುದು. ನಮ್ಮ ಮನೆತನದಲ್ಲಿ ಅಕ್ಷರ ಕಲಿತವನು ನಾನೊಬ್ಬನೇ. ನಿಜಾಮರ ಕಾಲದ ಸಾಲೆ, ಉರ್ದು, ನಾಲ್ಕು ಜಮಾತು, ಎಂದರೆ ನಾಲ್ಕು ತರಗತಿ. ಮನೆಯಲ್ಲಿ ಆಡುವ ಮಾತು ಸಾಲೆಯಲ್ಲಿ ಬಾಯಿಗೆ ಬಂದರೆ ಬೆತ್ತ ಬೀಳುತ್ತಿತ್ತು. ಅಷ್ಟು ಹೊಡೆತ ತಿಂದು ಕಲಿತ ಅಕ್ಷರ ನನ್ನನ್ನು ಓಣಿಯಲ್ಲಿ ದೊಡ್ಡವನನ್ನಾಗಿ ಮಾಡಿತ್ತು. ತಹಸೀಲಿನಿಂದ ಕಾಗದ ಬಂದರೆ ಮುದುಕರೆಲ್ಲ ನಮ್ಮ ಕಟ್ಟೆಗೆ ಬಂದು, “ಏ ಮುನ್ಶಿ, ಏನ್ ಬರದಾರ ನೋಡಪಾ” ಎನ್ನುತ್ತಿದ್ದರು. ಪೊಲೀಸ್ ಆಕ್ಷನ್ ಆದ ಮೇಲೆ ಉರ್ದು ಬೋರ್ಡುಗಳು ಒಂದೊಂದೇ ಕನ್ನಡಕ್ಕೆ ತಿರುಗಿದವು, ಕಾಗದಗಳೂ ಬದಲಾದವು. ನಮ್ಮ ಕಟ್ಟೆಗೆ ಬರುವವರು ನಿಂತರು. ನನ್ನ ನಾಲ್ಕು ಜಮಾತು ಪೆಟ್ಟಿಗೆಯೊಳಗಿನ ರದ್ದಿಯಾಯಿತು. ಅದರ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕಿತ್ತು? ಹೊಡೆದು ಕಲಿಸಿದವರ ಮೇಲೋ, ಕಲಿತದ್ದು ದಂಡ ಎಂದವರ ಮೇಲೋ? ನನಗೆ ಅವತ್ತೂ ತಿಳಿಯಲಿಲ್ಲ. ಆದರೆ ತಂಗಿಯ ಮುಂದೆ ಮಾತ್ರ ನಾನಿನ್ನೂ ಮುನ್ಶಿಯಾಗಿದ್ದೆ. ಇಂಗ್ಲಿಷು ಒಂದಕ್ಷರ ಬಾರದಿದ್ದರೂ ಚಿತ್ರ ನೋಡಿ ಕಥೆ ಹೇಳುತ್ತಿದ್ದೆ. ಗುಳ್ಳೆಯೊಳಗಿನ ಮಾತುಗಳನ್ನು ನಾನೇ ತುಂಬುತ್ತಿದ್ದೆ. ಅವಳು ಬಾಯಿ ತೆರೆದು ಕೇಳುತ್ತಿದ್ದಳು.

ಒಮ್ಮೆ ದೊಡ್ಡ ಭರಣಿಯೊಂದರ ಹೊಟ್ಟೆಯಲ್ಲಿ ತುರುಕಿದ್ದ ಒಂದು ಪುಸ್ತಕ ಸಿಕ್ಕಿತು. ಮೇಲಿನ ರಟ್ಟು ಹೋಗಿತ್ತು, ಹಿಂದಿನದೂ ಹೋಗಿತ್ತು. ನಡುವಿನ ಎರಡು ಮೊಳೆ ಗಟ್ಟಿ ಇದ್ದುದರಿಂದ ಒಳಗಿನ ಹಾಳೆಗಳೆಲ್ಲ ಸಾಲಾಗಿ ಉಳಿದಿದ್ದವು. ಅಲ್ಲಿಯವರೆಗೆ ಬಿಡಿ ಹಾಳೆಗಳನ್ನೇ ಕಂಡಿದ್ದ ತಂಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಪಕ್ಕಕ್ಕೆ ಕೂತಳು. ನಾನು ಉರ್ದು ಪುಸ್ತಕ ತೆರೆದಂತೆ ಬಲಗಡೆಯಿಂದ ತೆರೆದೆ. ಸಾಲು ಸಾಲನ್ನೂ ಬಲದಿಂದ ಎಡಕ್ಕೆ ಓದಿದೆ. ನಾನು ಕಂಡ ಪುಸ್ತಕಗಳೆಲ್ಲ ಹಾಗೇ ಇದ್ದವು. ಇನ್ನೊಂದು ರೀತಿ ಇರಬಹುದೆಂಬ ಯೋಚನೆ ನನ್ನ ತಲೆಗೆ ಬರಲೇ ಇಲ್ಲ.

ಮೊದಲ ಚಿತ್ರದಲ್ಲಿ ಸಮುದ್ರದ ಮೇಲೆ ಒಂದು ಟೋಪಿ ತೇಲುತ್ತಿತ್ತು. ಆಮೇಲೆ ನೀರಿನೊಳಗೆ ಒಂದು ಕೈ. ಆಮೇಲೆ ಮುಖ. ಒಡೆದ ಹಡಗು, ಗಾಳಿ, ಮಳೆ. ಆಮೇಲೆ ಇಡೀ ಹಡಗು, ಬಿಸಿಲು. ಬಂದರು. ತಗಡಿನ ಪೆಟ್ಟಿಗೆ ಹಿಡಿದ ಹರೆಯದವನು. ಕೊನೆಗೆ ಒಂದು ಮನೆ, ಬಾಗಿಲಲ್ಲಿ ತಾಯಿ, ಅವಳು ಮಗನನ್ನು ತಬ್ಬಿದ್ದಾಳೆ. ನಡುವೆ ಕೆಲವು ಚಿತ್ರ ಹೊಂದಲಿಲ್ಲ. ಅಲ್ಲಿ ನಾನು ಮಾತು ಹೆಚ್ಚಿಗೆ ತುಂಬಿದೆ. ನೀರಿನ ದೊರೆಯೊಬ್ಬ ಅವನ ಮೇಲೆ ಮನಸ್ಸು ಕರಗಿ, “ಹೋಗು, ನಿಮ್ಮವ್ವ ಕಾಯಾಕತ್ತಾಳ” ಎಂದು ಒಡೆದ ಹಡಗನ್ನು ಕೂಡಿಸಿಕೊಟ್ಟ ಎಂದೆ.

ತಂಗಿ ಅದನ್ನು ಎಷ್ಟು ಸಲ ಹೇಳಿಸಿಕೊಂಡಳೋ. ಅವ್ವನೂ ಜೋಳ ಹಸನು ಮಾಡುತ್ತಾ ಕೇಳಿ, “ಚಂದ ಅದಪಾ” ಎಂದಿದ್ದಳು.

ಆ ವರ್ಷ ಊರಿನಲ್ಲಿ ಕನ್ನಡ ಸಾಲೆ ಸುರುವಾಗಿತ್ತು. ನಮ್ಮ ಕಡೆ ಕನ್ನಡ ಕಲಿಸುವವರು ಸಿಗುತ್ತಿರಲಿಲ್ಲವಾದ್ದರಿಂದ ಧಾರವಾಡದ ಕಡೆಯ ಮಾಸ್ತರರೊಬ್ಬರನ್ನು ಕರೆಸಿದ್ದರು. ಹೆಣ್ಣುಮಕ್ಕಳನ್ನೂ ಕಳಿಸಿರೆಂದು ಅವರು ಮನೆ ಮನೆ ತಿರುಗಿದರು. ಅಪ್ಪನಿಗೆ ಮನಸ್ಸಿರಲಿಲ್ಲ. ಕಳಿಸೆಂದು ಹೇಳಿದವನು ನಾನು, ಇದನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ನನ್ನ ಮಾತು ನಡೆಯುತ್ತಿತ್ತು. ತಂಗಿ ಒಂದೂವರೆ ವರ್ಷದಲ್ಲಿ ಎಲ್ಲ ಮಕ್ಕಳಿಗಿಂತ ಮುಂದೆ ಹೋದಳು. ಸಾಲೆ ಎಂದರೆ ಪ್ರಾಣ ಬಿಡುತ್ತಿದ್ದಳು.

ಒಂದು ದಿನ ಮಾಸ್ತರು, ಯಾರಿಗೆ ಕಥೆ ಬರುತ್ತದೋ ಅವರು ಎದ್ದು ಹೇಳಿರಿ ಎಂದರು. ತಂಗಿ ಪುಸ್ತಕ ಒಯ್ದಳು. ಬಲಗಡೆಯಿಂದ ತೆರೆದು, ಒಂದೊಂದು ಚಿತ್ರಕ್ಕೂ ಬೆರಳಿಟ್ಟು, ನಾನು ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದಳು. ಮಾಸ್ತರಿಗೆ ಇಂಗ್ಲಿಷು ಬರುತ್ತಿತ್ತು. ಅವರು ಹೊಟ್ಟೆ ಹಿಡಿದು ನಕ್ಕರಂತೆ.

“ಹೊತ್ತಿಗಿ ತಿರುಗಿಸಿ ಹಿಡಿಯವಾ. ಆ ಹುಡುಗ ಮನಿಗಿ ಬರೂದಿಲ್ಲ, ಮನಿ ಬಿಟ್ಟು ಹೋಗತಾನ. ಕಡೀಕ ಮುಳುಗಿ ಸಾಯತಾನ.”

“ಇಲ್ರಿ ಸರ. ನಮ್ಮಣ್ಣ ಓದ್ಯಾನ್ರಿ.”

“ನಿಮ್ಮಣ್ಣ ಏನು ಕಲತಾನ?”

“ನಾಕು ಜಮಾತ್ರಿ. ಉರ್ದು.”

ಇಡೀ ಸಾಲೆ ನಕ್ಕಿತು. ಅವತ್ತಿನಿಂದ ಹುಡುಗರು ಅವಳನ್ನು ಕಂಡರೆ ಹಿಂದುಹಿಂದಕ್ಕೆ ನಡೆಯುತ್ತಾ, “ನಾವೂ ನಾಕು ಜಮಾತು ಕಲ್ತೀವಿ” ಎಂದು ಕೂಗುತ್ತಿದ್ದರು.

ಆ ತಿಂಗಳು ನಾನು ಊರಿಗೆ ಹೋದಾಗ ಬಸ್ಸು ಇಳಿಯುವಲ್ಲೇ ತಂಗಿ ನಿಂತಿದ್ದಳು. ನಡೆದದ್ದನ್ನೆಲ್ಲ ಹೇಳಿ, ಪುಸ್ತಕವನ್ನು ಎಡಗಡೆಯಿಂದ ತೆರೆದು ನನ್ನ ಮುಂದೆ ಹಿಡಿದಳು.

“ಖರೇನಾ ಅಣ್ಣಾ? ಅಂವ ಸತ್ತಾನಾ?”

ತಾಯಿ ಮಗನನ್ನು ತಬ್ಬಿ ಕಳಿಸುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಆ ನೀರನ್ನು ನಾನು ಮೊದಲೂ ಕಂಡಿದ್ದೆ, ಸಂತೋಷದ್ದು ಎಂದುಕೊಂಡಿದ್ದೆ. ಮುಂದಿನ ಹಾಳೆ ತಿರುವುವ ಮೊದಲೇ ನನಗೆ ಪೂರಾ ತಿಳಿಯಿತು. ಹೊಂದದೆ ಉಳಿದಿದ್ದ ಚಿತ್ರಗಳು ಒಂದಕ್ಕೊಂದು ಹೊಂದಿ ಕೂತವು.

ಆಗ “ಹೌದವ್ವಾ, ನಾ ತಪ್ಪು ಓದಿದ್ಯಾ” ಎಂದಿದ್ದರೆ ಈ ಬರಹ ಬೇಕಿರಲಿಲ್ಲ. ಅವಳು ಒಂದು ದಿನ ಅಳುತ್ತಿದ್ದಳು, ಮರುದಿನ ನಗುತ್ತಿದ್ದಳು. ಆದರೆ ನನಗೆ ಉಳಿದಿದ್ದ ಒಂದೇ ಒಂದು ಕಟ್ಟೆ ಅದು, ಅದರ ಮೇಲಿಂದ ಇಳಿಯಲು ನಾನು ತಯಾರಿರಲಿಲ್ಲ. ಧಾರವಾಡದವನು ಬಂದು ನನ್ನನ್ನು ಇಳಿಸುವುದೆಂದರೇನು?

“ಇದಲ್ಲ ಆ ಹೊತ್ತಿಗಿ” ಎಂದೆ. “ನಾ ಓದಿದ ಕಥಿ ಬ್ಯಾರೆ. ಅದು ಉರ್ದುದಾಗ ಅದ. ಕಲಬುರ್ಗ್ಯಾಗ ನಾನೇ ನೋಡೀನಿ. ಇದರಾಗ ಅದನ್ನ ಕೆಡಿಸ್ಯಾರ. ಖರೇದ್ದು ನಾ ತರ್ತೀನಿ.”

ಅವಳ ಮುಖ ಅರಳಿತು. ಮರುದಿನವೇ ಹೋಗಿ ಮಾಸ್ತರಿಗೆ ಹೇಳಿದಳು. ಅವರು ಮೋಜಿಗೆಂದು, “ತಾ ನೋಡೂಣು. ತಂದಿ ಅಂದ್ರ ನಂದ ತಪ್ಪು ಅಂತ ಎಲ್ಲಾರ ಮುಂದ ಕಿವಿ ಹಿಡ್ಕೋತೀನಿ” ಎಂದರಂತೆ. ಮೋಜಿನ ಮಾತು ಮಕ್ಕಳಿಗೆ ಮೋಜಾಗಿ ಉಳಿಯುವುದಿಲ್ಲ ಎಂದು ಆ ಮನುಷ್ಯನಿಗೆ ತಿಳಿಯಬೇಕಿತ್ತು. ತಂಗಿ ದಿನ ಎಣಿಸತೊಡಗಿದಳು. ಆ ಪುಸ್ತಕ ಬಂದರೆ ಸಾಲೆಯಲ್ಲಿ ಅವಳು ತಲೆ ಎತ್ತಿ ಕೂರಬಹುದು, ಬಾರದಿದ್ದರೆ ಇಲ್ಲ. ಪ್ರತಿ ಸಲ ಬಸ್ಸಿನ ಹತ್ತಿರ ಬಂದು ನನ್ನ ಮುಖ ನೋಡುವ ಮೊದಲು ನನ್ನ ಕೈ ನೋಡುತ್ತಿದ್ದಳು.

ನಾನು ಹುಡುಕಲು ಹೊರಟೆ. ಕೋಟೆ ಗೋಡೆಯ ಬದಿಗೆ ಒಬ್ಬ ಮುದುಕನ ರದ್ದಿ ಅಂಗಡಿಯಿತ್ತು. ಎಲ್ಲರೂ ಅವನಿಗೆ ಚಾಚಾ ಎನ್ನುತ್ತಿದ್ದರು. ಪೊಲೀಸ್ ಆಕ್ಷನ್ನಿನ ಮೇಲೆ ಮನೆ ಬಿಟ್ಟು ಹೈದರಾಬಾದಿಗೆ, ಅಲ್ಲಿಂದ ಆಚೆಗೂ ಹೊರಟವರ ಪುಸ್ತಕಗಳೆಲ್ಲ ತೂಕಕ್ಕೆ ಬಿದ್ದು, ಅವನ ಅಂಗಡಿಯಲ್ಲಿ ಮೊಳಕಾಲು ಮಟ್ಟ ಉರ್ದು ತುಂಬಿತ್ತು.

“ಕ್ಯಾ ಹೋನಾ? ಏನ್ ಬೇಕು?” ಎಂದ.

ಹೇಳಿದೆ. ಅವನು ಬೀಡಿ ಕೆಳಗಿಟ್ಟ.

“ಉರ್ದು ಹೊತ್ತಿಗಿ ಹುಡುಕ್ಲಾಕ ಬಂದಂವ ಎರಡ ವರ್ಷದಾಗ ನೀನ ಮೊದಲನೇದಂವ. ಬ್ಯಾರೆಯವ್ರೆಲ್ಲ ಚಾಚಾ ತಗೋ ತಗೋ ಅಂತ ಹಾಕಿ ಹೋಗ್ಯಾರ. ಪೋಲೀಸರು ಕಳಿಸ್ಯಾರೇನು ನಿನಗ?”

“ಇಲ್ರಿ. ತಂಗಿ ಸಲುವಾಗಿ.”

“ಚಿತ್ರದ ಕಿತಾಬ್…” ಎಂದು ಗಡ್ಡ ತುರಿಸಿಕೊಂಡ. “ಲಾಹೋರಿಂದ ಬರ್ತಿದ್ದವು ಪಹಿಲೆ. ಬಲಗಡಿಂದ ಚಿತ್ರ. ಗೋರೆ ಜನದ ಕಥಿನ ತೆಗೆದು ಉರ್ದು ಮಾಡ್ತಿದ್ದರು. ನಾನ ಅದರಾಗ ಶೇಂಗಾ ಕಟ್ಟಿ ಮಾರೀನಿ.”

“ನೀರಾಗಿಂದ ಎದ್ದು ಬರೋದು ಇತ್ತೇನ್ರಿ?”

“ಇರಬೇಕು ಮಿಯಾ. ಎದ್ದು ಬರೋ ಕಥಿ ಯಾವ ಊರಾಗ ಇಲ್ಲ?”

ಆ ಒಂದು ಮಾತಿಗೆ ನಾನು ಜೋತು ಬಿದ್ದೆ. ಅವನು ನಿಜ ಹೇಳಿದನೋ, ಗಿರಾಕಿಯ ಮನಸ್ಸು ಮುರಿಯಬಾರದೆಂದು ಹೇಳಿದನೋ ಗೊತ್ತಿಲ್ಲ. ಅಂಗಡಿಗೆ ರಜೆಯಿದ್ದ ದಿನಗಳೆಲ್ಲ ಆ ರಾಶಿಯ ಮೇಲೆಯೇ ಕಳೆದೆ. ಕಾಯಿದೆಯ ಪುಸ್ತಕ, ಹಕೀಮರ ಔಷಧದ ಪುಸ್ತಕ, ಹೆಂಗಸರ ಮಾಸಿಕ, ನಾನು ಓದಿದ ಮೊದಲ ಜಮಾತಿನ ಪುಸ್ತಕ ಹತ್ತಾರು. ಒಂದೊಂದರಲ್ಲೂ ಯಾವುದೋ ಮಗು ಮೂಲೆಯಲ್ಲಿ ತನ್ನ ಹೆಸರು ಬರೆದಿತ್ತು. ಒಂದು ಸಲ ನಾನು ಹಾಗೆ ಎತ್ತಿದ ಪುಸ್ತಕವನ್ನು ಚಾಚಾ ಕೈಯಿಂದ ಕಸಿದುಕೊಂಡ. “ಇದು ಮಾರಾಟಕ್ಕಲ್ಲ. ನನ್ನ ಮಗಂದು” ಎಂದ. ಮಗ ಎಲ್ಲಿದ್ದಾನೆ ಎಂದು ನಾನು ಕೇಳಲಿಲ್ಲ. ಪೊಲೀಸ್ ಆಕ್ಷನ್ ಆದ ವರ್ಷ ನಮ್ಮ ಕಡೆ ಎಷ್ಟು ಮುಸಲ್ಮಾನರ ಜೀವ ಹೋಯಿತು ಎಂಬುದು ನನಗೆ ಗೊತ್ತಿತ್ತು. ನನಗೆ ಗೊತ್ತಿದ್ದು ನಾನು ಬಾಯಿ ಮುಚ್ಚಿಕೊಂಡಿದ್ದ ಸಂಗತಿಗಳಲ್ಲಿ ಅದೂ ಒಂದು.

ಐದು ತಿಂಗಳು ಕಳೆದವು. ತಂಗಿ ಕೇಳುವುದನ್ನು ನಿಲ್ಲಿಸಿದಳು, ನೋಡುವುದನ್ನು ನಿಲ್ಲಿಸಲಿಲ್ಲ. ಆಗ ಚಾಚಾನ ರಾಶಿಯ ತಳದಲ್ಲಿ ಒಂದು ಸಣ್ಣ ಪುಸ್ತಕ ಸಿಕ್ಕಿತು. ಉರ್ದು, ಪುಟಕ್ಕೆ ನಾಲ್ಕು ಚಿತ್ರ, ಬಲದಿಂದ ಎಡಕ್ಕೆ. ಬಾಗಿಲ ಬೆಳಕಿಗೆ ಒಯ್ದು ನೋಡಿದೆ. ಒಬ್ಬ ಮನುಷ್ಯ ಸೊಂಟಮಟ್ಟ ನೀರಿನಲ್ಲಿ ನಿಂತಿದ್ದ. ಕೊನೆಯ ಚಿತ್ರದಲ್ಲಿ ಮನೆಯ ಬಾಗಿಲಲ್ಲಿ ಒಬ್ಬ ಮುದುಕಿ ಅವನ ತಲೆ ನೇವರಿಸುತ್ತಿದ್ದಳು. ರಟ್ಟಿನ ಮೇಲೆ ಅಂಗೈಯಷ್ಟು ದೊಡ್ಡ ಸೊಳ್ಳೆ. ಹಳೆಯ ಸರ್ಕಾರದವರು ಚಳಿಜ್ವರದ ಬಗ್ಗೆ ಹಳ್ಳಿಗಳಲ್ಲಿ ಹಂಚಿದ್ದ ಪುಸ್ತಕ ಅದು. ಆ ಮನುಷ್ಯ ಹೊಂಡದಲ್ಲಿ ನಿಂತು ಚಿಮಣಿ ಎಣ್ಣೆ ಸುರಿಯುತ್ತಿದ್ದ.

ಅಕ್ಷರ ಅಕ್ಷರವೂ ನನಗೆ ಓದಲು ಬರುತ್ತಿತ್ತು. ಪೂರ್ತಿ ಓದಿದೆ. ಆಮೇಲೆ ಸೊಳ್ಳೆಯ ರಟ್ಟನ್ನು ಹರಿದು ಅಲ್ಲೇ ಬಿಸಾಕಿದೆ.

ಚಾಚಾ ನೋಡುತ್ತಿದ್ದ. “ತಂಗಿಗಿ ಇದನ್ನ ಒಯ್ತಿಯೇನು?”

“ಹೂಂ.”

“ಸಿಕ್ಕಿಲ್ಲ ಅಂತ ಹೇಳಿದ್ರ ಆತಲ್ಲ ಮಿಯಾ.”

“ನಿಮಗ್ಯಾಕ ಬೇಕ್ರಿ” ಎಂದೆ. ಆ ಮುದುಕನ ಮೇಲೂ ಸಿಟ್ಟು ಮಾಡಿದೆ. ಆ ದಿನಗಳಲ್ಲಿ ನನಗೆ ಸಿಟ್ಟು ಬಾರದ ಮನುಷ್ಯರೇ ಇರಲಿಲ್ಲ. ಒಬ್ಬನ ಮೇಲೆ ಮಾತ್ರ ಬರುತ್ತಿರಲಿಲ್ಲ, ಅವನು ನಾನೇ.

ಧಾರವಾಡದ ಮಾಸ್ತರಿಗೆ ಉರ್ದು ಬರುವುದಿಲ್ಲ, ಮಕ್ಕಳಿಗಂತೂ ಇಲ್ಲ. ಬಲದಿಂದ ನಡೆಯುವ ಚಿತ್ರ ಕಣ್ಣಿಗೆ ಕಂಡರೆ ಸಾಕು, ಮಾಸ್ತರ ಬಾಯಿ ಮುಚ್ಚುತ್ತದೆ, ಇದು ನನ್ನ ಲೆಕ್ಕಾಚಾರ. ತಂಗಿ ಪುಸ್ತಕ ತಿರುವಿದಳು.

“ಹಡಗ ಎಲ್ಲಿ ಅದ?”

“ಉರ್ದುದಾಗ ಹಡಗ ಇಲ್ಲ.”

“ನೀರಿನ ದೊರಿ?”

“ಮ್ಯಾಲಿನ ಹಾಳಿ ಹರದಾದ ನೋಡು. ಅದರಾಗಿದ್ದ.”

ಅವಳು ಬಹಳ ಹೊತ್ತು ಆ ಮುದುಕಿಯ ಕೈಯನ್ನೇ ನೋಡಿದಳು. ಆಮೇಲೆ ನಂಬಿದಳು. ನಂಬಲು ಕಷ್ಟಪಟ್ಟಳು, ಅದು ನನಗೆ ಕಾಣಿಸಿತು. ಆದರೂ ನಾನು ಬಾಯಿ ಬಿಡಲಿಲ್ಲ. ಮರುದಿನ ಅವಳು ಎರಡು ಜಡೆ ಹಾಕಿಸಿಕೊಂಡು ಸಾಲೆಗೆ ಹೋದಳು. ನಾನು ಬಸ್ಸು ಹತ್ತಿ ಕಲಬುರ್ಗಿಗೆ ಬಂದೆ.

ಮುಂದಿನ ತಿಂಗಳು ಬಸ್ಸು ಇಳಿದಾಗ ತಂಗಿ ಇರಲಿಲ್ಲ. ನನ್ನ ಹಳೆಯ ಉಸ್ತಾದರು ನಿಂತಿದ್ದರು, ನನಗೆ ಉರ್ದು ಕಲಿಸಿದವರು. ಅವರು ಊರು ಬಿಟ್ಟು ಹೋದರೆಂದೇ ನಾನು ತಿಳಿದಿದ್ದೆ. ಹೋಗಿರಲಿಲ್ಲ. ಕನ್ನಡ ಕಲಿತರೆ ನೌಕರಿ ಉಳಿಯುತ್ತದೆ ಎಂದು ಮೇಲಿನವರು ಹೇಳಿದ್ದರಂತೆ. ಮೂರು ತಿಂಗಳಿಂದ ಆ ಅರವತ್ತರ ಹತ್ತಿರದ ಮನುಷ್ಯ ಅದೇ ಸಾಲೆಯಲ್ಲಿ, ಹಿಂದಿನ ಸಾಲಿನಲ್ಲಿ, ಮಕ್ಕಳ ಜೊತೆ ಪಾಟಿ ಹಿಡಿದು ಕೂತು ಅ ಆ ಇ ಈ ತಿದ್ದುತ್ತಿದ್ದರು. ಮಕ್ಕಳು ಅವರ ಅಕ್ಷರ ನೋಡಿ ನಗುತ್ತಿದ್ದರು. ಬೆತ್ತ ಹಿಡಿದ ಆ ಕೈಯನ್ನು ನಾನು ಎಷ್ಟು ಶಪಿಸಿದ್ದೆ, ಈಗ ಅದರ ಬೆರಳಿಗೆಲ್ಲ ಬಳಪದ ಪುಡಿ ಹತ್ತಿತ್ತು.

ನನ್ನನ್ನು ಕಂಡು ಅವರ ಮುಖ ಬೆಳಗಿತು. “ಬೇಟಾ! ನಿನ್ನ ತಂಗಿ ಒಂದ ಕಿತಾಬ್ ತಂದಿದ್ಳು. ಸಾಲ್ಯಾಗ ಯಾರಿಗೂ ಓದಾಕ ಬರಲಿಲ್ಲ. ಮಾಸ್ತರ ಹೀಂಗ ಹಿಡೀತಾರ, ಹಾಂಗ ಹಿಡೀತಾರ. ನಾ ಎದ್ದು ನಿಂತೆ. ಕೊಡ್ರಿ ಇಲ್ಲಿ ಅಂದೆ. ಪೂರಾ ಓದಿದೆ!”

“ಪೂರಾ?”

“ಪೂರಾ! ನಿಂತ ನೀರಿಗಿ ಚಿಮಣಿ ಎಣ್ಣಿ ಹಾಕ್ರಿ, ಸೊಳ್ಳಿ ಸಾಯ್ತಾವ, ಕುನೈನ್ ತಿನ್ರಿ. ಕನ್ನಡದಾಗ ಮಾಡಿ ಹೇಳಿದೆ. ಹುಡುಗ್ರು ಏನ್ ನಕ್ಕರು ಅಂತಿ! ಎರಡು ತಿಂಗಳ ಆದ ಮ್ಯಾಲ ಅವತ್ತೊಂದ ದಿನ ನಾ ಉಸ್ತಾದ್ ಆದೆ ನೋಡು.” ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. “ನಿನ್ನ ತಂಗಿಗಿ ಹೇಳಿದೆ. ನಿಮ್ಮಣ್ಣ ನನ್ನ ಶಾಗಿರ್ದ್ ಅವ್ವಾ, ಛಲೋ ಓದ್ತಿದ್ದ, ಇದನ್ನ ಅಂವ ಒಂದ ದಮ್ಮಿನ್ಯಾಗ ಓದ್ಯಾನ ಅಂತ.”

ನನ್ನನ್ನು ಹೊಗಳಿದ್ದರು ಅವರು. ನನಗೆ ಆ ಕೈಯನ್ನು ಹೆಗಲಿಂದ ಕಿತ್ತು ಎಸೆಯಬೇಕೆನಿಸಿತು. ಮನೆಗೆ ನಡೆದೆ.

ತಂಗಿ ಪಡಸಾಲೆಯಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ಅವಳು ಇಪ್ಪತ್ತೈದು ದಿನ ಆ ನಗುವಿನ ನಡುವೆ ದಿನವೂ ಸಾಲೆಗೆ ಹೋಗಿ ಬಂದಿದ್ದಳು, ಒಂದು ದಿನವೂ ತಪ್ಪಿಸಿರಲಿಲ್ಲ. ಆ ಪುಸ್ತಕ ಅವಳ ಕೈಯಲ್ಲಿತ್ತು.

“ನಿನಗ ಓದಾಕ ಬಂದಿತ್ತಲ್ಲ?”

ಕೈಯಲ್ಲಿದ್ದ ಚೀಲವನ್ನು ಗೂಟಕ್ಕೆ ಹಾಕಿದೆ.

“ಓದಿದ್ದಿಯಲ್ಲ ನೀ?”

“ಹೂಂ.”

“ನಾಳಿಗಿ ನನ್ನ ಸಂಗಟ ಸಾಲಿಗಿ ಬಾ” ಎಂದಳು. “ತಪ್ಪು ನಂದು, ಅಕಿದಲ್ಲ ಅಂತ ಒಂದ ಮಾತು ಹೇಳು. ಅಷ್ಟಾ ಸಾಕು. ಮತ್ತ ನಾ ಏನೂ ಕೇಳಂಗಿಲ್ಲ.”

ಸಾಲೆ ನಮ್ಮ ಮನೆಯಿಂದ ಎಷ್ಟು ದೂರ? ನಾಲ್ಕು ಮನೆ, ಒಂದು ಬಾವಿ, ಒಂದು ಬೇವಿನ ಮರ. ಅಲ್ಲಿ ಹೋಗಿ ಧಾರವಾಡದವನ ಮುಂದೆ, ಉಸ್ತಾದರ ಮುಂದೆ, ಮೂಗು ಸೋರುವ ಮಕ್ಕಳ ಮುಂದೆ ನಿಂತು ಒಂದು ಮಾತು. ನನ್ನ ಕಾಲು ಏಳಲಿಲ್ಲ. ಕಾಲು ಏಳದ್ದಕ್ಕೆ ಬಾಯಿ ಎದ್ದಿತು. ತೋಟದಿಂದ ಅಪ್ಪ ಆಗತಾನೇ ಬಂದು ಕಾಲು ತೊಳೆಯುತ್ತಿದ್ದ.

“ಅಪ್ಪಾ, ಅಕಿನ್ನ ಸಾಲಿ ಬಿಡಸು” ಎಂದು ಕೂಗಿದೆ. “ಮಂದಿ ಮುಂದ ಅಣ್ಣನ ಮಾನ ಕಳ್ಯಾಕ ಕಲ್ತಾಳ. ಹಿರ್ಯಾರಿಗಿ ತಿರುಗಿ ಮಾತಾಡ್ತಾಳ. ಹೆಣ್ಣುಮಕ್ಕಳಿಗಿ ಇಷ್ಟ ಕಲ್ತದ್ದು ಸಾಕು.”

ಅವ್ವ ಒಳಗಿಂದ, “ಯಾಕೋ, ನೀನಾ ಹಾಕಿಸಿದ್ದಿಯಲ್ಲ?” ಎಂದಳು.

“ನಾನಾ ಹಾಕ್ಸಿದ್ಯಾ, ನಾನಾ ಬಿಡಸ್ತೀನಿ.”

ಅಪ್ಪ ಒಂದು ಕ್ಷಣ ನನ್ನನ್ನು ನೋಡಿ, ಕೈಯಲ್ಲಿದ್ದ ಚರಿಗೆಯನ್ನು ಕೆಳಗಿಟ್ಟ. “ಓದಿದಂವ ಹೇಳ್ತಾನಂದ್ರ ಬಿಡಸೋಣು” ಎಂದ.

ಇದು ನನ್ನ ತಪ್ಪು. ಪುಸ್ತಕವನ್ನು ಬಲದಿಂದ ಓದಿದ್ದು ತಪ್ಪಲ್ಲ, ಅದು ನನಗೆ ಕಲಿಸಿದ ದಾರಿ. ಇರದ ಪುಸ್ತಕ ಇದೆ ಎಂದದ್ದು ತಪ್ಪೇ, ಆದರೂ ಅದಕ್ಕೊಂದು ಕ್ಷಮೆ ಸಿಗಬಹುದಿತ್ತು. ಒಂದು ಮಾತು ಹೇಳಲಾರದೆ, ಹತ್ತು ವರ್ಷದ ಹುಡುಗಿಗೆ ಇದ್ದ ಒಂದೇ ಬಾಗಿಲನ್ನು ಮುಚ್ಚಿದೆನಲ್ಲ, ಅದಕ್ಕೆ ಕ್ಷಮೆ ಕೇಳುವುದಕ್ಕೂ ನನಗೆ ಮುಖವಿಲ್ಲ. ಕಾಲ ಹಾಗಿತ್ತು ಎಂದು ನನ್ನ ಮಕ್ಕಳು ಸಮಾಧಾನ ಮಾಡುತ್ತಾರೆ. ಕಾಲ ಬಂದು ಆ ಮಾತನ್ನು ಕೂಗಲಿಲ್ಲ. ಕೂಗಿದವನು ನಾನು.

ಒಂದು ವಾರದ ಮೇಲೆ ಧಾರವಾಡದ ಮಾಸ್ತರು ನಮ್ಮ ಮನೆಗೆ ಬಂದು, “ಹುಡುಗಿ ಶಾಣ್ಯಾ ಅದಾಳ್ರಿ, ನಕ್ಕದ್ದು ನಂದು ತಪ್ಪಾತು, ಕಳಸ್ರಿ” ಎಂದು ಅಪ್ಪನಿಗೆ ಕೈ ಮುಗಿದರಂತೆ. ಅವರಿಗೆ ತಪ್ಪು ಎನ್ನಲು ಬಂತು. ಅಪ್ಪ, “ಮಗನ್ನ ಕೇಳ್ರಿ” ಎಂದನಂತೆ. ಮಾಸ್ತರು ಕಲಬುರ್ಗಿಯ ಅಂಗಡಿಯವರೆಗೂ ಬಂದರು. ನಾನು ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಒಡೆಯುತ್ತಿದ್ದೆ. ಇಲ್ಲವೆಂದು ಹೇಳಿಸಿದೆ.

ಆಮೇಲೂ ನಾನು ಹಾಳೆಗಳನ್ನು ಊರಿಗೆ ಒಯ್ಯುತ್ತಿದ್ದೆ. ಅವಳು ಇಸಿದುಕೊಂಡು ಅವ್ವನ ಕೈಗೆ ಕೊಡುತ್ತಿದ್ದಳು, ಅವ್ವ ಒಲೆಗೆ ಹಾಕುತ್ತಿದ್ದಳು. ಅವಳನ್ನು ಮಹಾಗಾಂವಕ್ಕೆ ಕೊಟ್ಟೆವು. ಕೂಡಿಸಿದ್ದ ಹಾಳೆಗಳ ಕಟ್ಟನ್ನು ಅವಳು ಒಯ್ಯಲಿಲ್ಲ. ಅದನ್ನು ನಾನೇ ತಂದೆ, ಅದಕ್ಕೆ ಇನ್ನಷ್ಟು ಸೇರಿಸಿದೆ, ಕನ್ನಡವನ್ನು ಅಂಗಡಿಗಳ ಬೋರ್ಡು ನೋಡಿ ಕಲಿತೆ. ಚಾಚಾ ಹೇಳಿದ ಲಾಹೋರಿನ ಪುಸ್ತಕವನ್ನು ಹುಡುಕುತ್ತಲೇ ಇದ್ದೆ. ಸಿಕ್ಕರೆ ಏನು ಮಾಡುತ್ತಿದ್ದೆ? ಅವಳ ಮುಂದೆ ಇಟ್ಟು, ನೋಡು ಇತ್ತು, ನಾನು ಸುಳ್ಳು ಹೇಳಿರಲಿಲ್ಲ ಎನ್ನುತ್ತಿದ್ದೆ. ಎಂಥ ನಾಚಿಕೆಗೇಡು. ಅದು ಸಿಗದಿದ್ದದ್ದೇ ಒಳ್ಳೆಯದಾಯಿತು.

ಅಪ್ಪ ತೀರಿದ ಮೇಲೆ ಒಂದು ತುಂಡು ಹೊಲದ ಕಾಗದಕ್ಕೆಂದು ಇಬ್ಬರೂ ಕಲಬುರ್ಗಿಯ ಕಚೇರಿಗೆ ಹೋಗಬೇಕಾಯಿತು. ಅಷ್ಟೊತ್ತಿಗೆ ಹೈದರಾಬಾದ್ ರಾಜ್ಯ ಒಡೆದು ನಮ್ಮ ಕಡೆಯೆಲ್ಲ ಕನ್ನಡದ ರಾಜ್ಯಕ್ಕೆ ಸೇರಿತ್ತು. ಮೇಜಿನ ಮೇಲಿನ ಕಾಗದವೆಲ್ಲ ಕನ್ನಡ. ನಾನು ನಿಧಾನಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದೆ. ಪಕ್ಕದಲ್ಲಿ ನಿಂತ ತಂಗಿಯ ಕಣ್ಣು ನನಗಿಂತ ಮುಂದಿನ ಸಾಲಿಗೆ ಹೋಗಿ ನಿಲ್ಲುತ್ತಿತ್ತು, ನನ್ನನ್ನು ಕಾಯುತ್ತಿತ್ತು.

ಗುಮಾಸ್ತ ತಲೆ ಎತ್ತಿ, “ಅಕ್ಕಾರಿಗಿ ಸಹಿ ಬರ್ತದೇನ್ರಿ?” ಎಂದ.

“ಬರ್ತದ್ರಿ” ಎಂದೆ ನಾನು. “ಕನ್ನಡ ಸಾಲಿ ಕಲ್ತಾಳ್ರಿ.”

ತಂಗಿ ನನ್ನನ್ನು ನೋಡಿದಳು. ಆಮೇಲೆ ಗುಮಾಸ್ತನ ಕಡೆ ತಿರುಗಿದಳು.

“ಇಲ್ರಿ, ಬರಂಗಿಲ್ಲ” ಎಂದು ಹೆಬ್ಬೆರಳು ಚಾಚಿದಳು.